ಮೂರು ಕಲ್ಲಿನ ಅಂತರ

ಆದೇಶ ಬಂದದ್ದು ಶುಕ್ರವಾರ ಸಂಜೆ, ವಾಟ್ಸಾಪಿನಲ್ಲಿ.
ಆರರಿಂದ ಎಂಟನೆಯ ತರಗತಿ, ಸೋಮವಾರದಿಂದ.
ಒಂಬತ್ತು ಪುಟ, ಮೂರನೆಯದು ಓರೆಯಾಗಿ ಸ್ಕ್ಯಾನಾಗಿತ್ತು,
ತಲೆ ವಾಲಿಸಿಯೇ ಓದಬೇಕು:
ಮಗುವಿಗೂ ಮಗುವಿಗೂ ನಡುವೆ ಆರು ಅಡಿ.

ಟೇಪು ಹುಡುಕಿದೆ.
ಹೊಲಿಗೆ ತರಬೇತಿಯ ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿತು,
ಹದಿನೇಳನೆಯ ಇಂಚಿಗೆ ಇಲಿ ಕಡಿದದ್ದು.
ಆಮೇಲೆ ನೆನಪಾಯಿತು, ನಾನಿರುವುದು ಶಹಾಬಾದಿನಲ್ಲಿ.
ಕಾಲಕೆಳಗಿನ ನೆಲವೇ ಅಳತೆಗೋಲು:
ಎರಡಡಿಗೆ ಎರಡಡಿ ಪರಸಿ,
ನಾಗಿಂದ್ರಪ್ಪ ಮೇಸ್ತ್ರಿ ನೂಲು ಹಿಡಿದು ಕೂಡಿಸಿದ್ದು,
ನಾನು ಈ ಶಾಲೆಗೆ ಬಂದ ವರ್ಷ.

ಮೂರು ಕಲ್ಲು ಎಣಿಸು, ಸುಣ್ಣದಲ್ಲಿ ಒಂದು ಗುಂಡು ಬರೆ.
ಮತ್ತೆ ಮೂರು.
ಕೋಣೆ ಹತ್ತು ಕಲ್ಲು ಉದ್ದ, ಹತ್ತು ಅಗಲ.
ನಾಲ್ಕು ನಾಲ್ಕಲೆ ಹದಿನಾರು.
ಇಪ್ಪತ್ತು ವರ್ಷ ಈ ಮಗ್ಗಿ ಕೂಗಿಸಿದ್ದೇನೆ,
ಇದು ಇಷ್ಟು ಸಣ್ಣ ಸಂಖ್ಯೆ ಎಂದು ಗೊತ್ತಿರಲಿಲ್ಲ.
ಏಳನೆಯ ತರಗತಿಯಲ್ಲಿ ಮೂವತ್ತೊಂದು ಹೆಸರು.
ಬೆಸ ಸಂಖ್ಯೆ ಸೋಮ, ಬುಧ, ಶುಕ್ರ.
ಸಮ ಸಂಖ್ಯೆ ಮಂಗಳ, ಗುರು, ಶನಿ.

ಬೆಂಚುಗಳು ವರಾಂಡಕ್ಕೆ ಹೋದವು.
ಮೂವರು ಒತ್ತಿ ಕೂಡಲೆಂದೇ ಮಾಡಿದವು,
ಒಬ್ಬರಿಗೆ ಒಗ್ಗುವುದಿಲ್ಲ.
ಟಾಕಿ ತೊಳೆಸಿದೆವು, ಒಳಗಿದ್ದದ್ದನ್ನು ಇಲ್ಲಿ ಬರೆಯುವುದಿಲ್ಲ.
ಪಂಚಾಯತಿಯಿಂದ ಔಷಧದ ಕ್ಯಾನು ಬಂತು.
"ಟೀಚರ, ಇದರ ವಾಸನಿಗೆ ಕಣ್ಣ ಉರಿತಾವ್ರಿ" ಎಂದಳು ಚಂದಮ್ಮ,
ಸೆರಗು ಮೂಗಿಗೆ ಬಿಗಿದು ಒರೆಸುತ್ತಲೇ.
ಜ್ವರ ನೋಡುವ ಗನ್ನು ಎಲ್ಲರಿಗೂ ತೊಂಬತ್ತೊಂದು ತೋರಿಸಿತು,
ನನ್ನ ಟೇಬಲ್ಲಿಗೂ.

ಸೋಮವಾರ. ಒಪ್ಪಿಗೆ ಪತ್ರ ಮಡಚಿ ಹಿಡಿದು
ಗೇಟಿನಲ್ಲಿ ನಿಂತವು, ಬರೀ ಕಣ್ಣುಗಳು.
ಐದನೆಯದರಲ್ಲಿ ಬಿಟ್ಟುಹೋದ ಮಕ್ಕಳು.
ಹಾಜರಿ ಕರೆದೆ. "ಏಳು, ಗುರುನಾಥ."
"ಹಾಜರ್ರೀ" ಎಂದದ್ದು ಯಾರೋ ಗಂಡಸು.
ಪಾಲಕರು ಒಳಗ್ಯಾಕ ಬಂದ್ರಿ ಎಂದು ತಲೆ ಎತ್ತಿದರೆ
ಅವನೇ ನಾಚಿಕೊಂಡು ನಿಂತಿದ್ದ, ಒಡೆದ ದನಿ ಹೊತ್ತು.
ಹದಿನೆಂಟು ತಿಂಗಳಲ್ಲಿ ನಾನು ಕಲಿಸದೆಯೇ
ಇಷ್ಟೊಂದು ನಡೆದುಹೋಗಿತ್ತು.

ಹನ್ನೊಂದು ಜಗದೇವಿ. ಹನ್ನೆರಡು ತಬಸ್ಸುಮ್.
ಒಂದನೆಯತ್ತೆಯಿಂದ ಒಂದೇ ಬೆಂಚು, ಒಂದೇ ಬುತ್ತಿ, ಒಂದೇ ಜಗಳ.
ನನ್ನ ಬೆಸ-ಸಮದ ಜಾಣತನ
ಇಬ್ಬರ ನಡುವೆ ಒಂದು ಪೂರ್ತಿ ದಿನ ಹಾಕಿತ್ತು.
ಬೆಸದಲ್ಲಿ ಆರನೆಯವಳು ಇವಳು,
ಸಮದಲ್ಲಿ ಆರನೆಯವಳು ಅವಳು.
ಅಂದರೆ ಗುಂಡು ಒಂದೇ. ಕಲ್ಲೂ ಒಂದೇ.
ಇದನ್ನು ನನಗಿಂತ ಮೊದಲು ಅವರು ಲೆಕ್ಕ ಹಾಕಿದ್ದರು.

ಸೋಮವಾರ ಸಂಜೆ ಚಂದಮ್ಮ ಬಕೆಟ್ಟು ಹಿಡಿದು ನಿಂತಳು.
"ಇಲ್ಲಿ ಏನೋ ಬರದಾರ್ರಿ. ಒರಸಲೇನ್ರಿ?"
ಆರನೆಯ ಗುಂಡಿನೊಳಗೆ, ಸಣ್ಣ ಅಕ್ಷರದಲ್ಲಿ:
"ತಬ್ಬು, ನಾಕನೇ ಲೆಕ್ಕದ ಉತ್ರ ಬಂತೇನ?
ನಿಮ್ಮ ಆಡು ಈದದೇನ?"

ಆದೇಶದ ಆರನೆಯ ಪುಟ: ಪ್ರತಿ ಸಂಜೆ ನೆಲ ಒರೆಸತಕ್ಕದ್ದು.
ಒರಸು ಎಂದೆ.
ಅದಕ್ಕೆ ಮುಂಚೆ ಹಾಜರಿ ಪುಸ್ತಕದ ಹಿಂದೆ
ಗೀಚಿಕೊಂಡೆ.
ಮರುದಿನ ಬೇಗ ಬಂದು, ಬಾಗಿಲು ಹಾಕಿಕೊಂಡು,
ಮಂಡಿಯೂರಿ ಆ ಕಲ್ಲಿನ ಮೇಲೆ ತಿರುಗಿ ಬರೆದೆ.
ಹೊರಗೆ ವಾಡಿ ಕಡೆಯ ಗಾಡಿ ಹೋಯಿತು,
ಸುಣ್ಣ ಹಿಡಿದ ಕೈಗೂ ಸ್ವಲ್ಪ ನಡುಕ ತಾಗಿತು.

ಮಂಗಳವಾರ ಸಂಜೆ, ಅದರ ಕೆಳಗೆ, ತಬಸ್ಸುಮ್:
"ಎರಡು ಮರಿ. ಒಂದಕ್ಕ ಕಿವಿ ಕರಿ.
ಲೆಕ್ಕದಾಗ ಸಂಕ್ಯೆ ತಪ್ಪ ಬಿದ್ದದ.
ಜಗ್ಗಿ, ಮ್ಯಾಲಿಂದು ನಿನ್ನ ಅಕ್ಷರ ಅಲ್ಲ.
ಉತ್ತರ ಅಂತ ಬರದದ. ನಿನಗ ಅದು ಬರಂಗಿಲ್ಲ."

ಬುಧವಾರ ಮುಂಜಾನೆ ಅದೇ ಕಲ್ಲು, ಒದ್ದೆ ಆರುತ್ತಿತ್ತು.
ಬರೆದೆ, ಒಂದೊಂದೇ ಸಾಲು,
ಸಂಕ್ಯೆ ಹತ್ತಿರ ಬಂದಾಗ ಕೈ ತಾನೇ ತಡೆಯಿತು.
ತಡೆದು,
ಇದ್ದ ಹಾಗೆಯೇ ಬರೆದೆ.