ನೀರೆಷ್ಟು?

ಹತ್ತೊಂಬತ್ತು ವರ್ಷ ಕೇಳಿದ್ದು ಇದೊಂದೇ ಪ್ರಶ್ನೆ:
ನೀರೆಷ್ಟು?
ಕೋಡಿಬಾಗದ ಬಾರಿನಲ್ಲಿ, ಕಾಳಿ ಸೇತುವೆಯ ಮಗ್ಗುಲಲ್ಲಿ,
ಎಡಗೈಯಲ್ಲಿ ಜಗ್ಗು, ಬಲಗೈಯಲ್ಲಿ ಬಾಟಲಿ,
ಹೆಗಲ ಮೇಲೆ ಮೀನು ವಾಸನೆಯ ಟವೆಲು.

ಗ್ಲಾಸು ಹಿಡಿಯುವುದು ನೋಡಿದರೆ ಸಾಕು, ಗೊತ್ತಾಗುತ್ತದೆ.
ಬುದವಂತ ಹರಿಕಂತ್ರ ಹಿಡಿಯುವುದು ಬಲೆಯ ಹಗ್ಗ ಹಿಡಿದ ಹಾಗೆ,
ಎಲ್ಲಿ ಜಾರಿ ಸಮುದ್ರಕ್ಕೆ ಬಿದ್ದೀತೋ ಎಂದು.
ನಿಂತೇ ಕುಡಿಯುತ್ತಾನೆ, ಕೂತರೆ ಏಳುವುದು ಕಷ್ಟವಂತೆ.
ಕಣ್ಣು ಮುಚ್ಚಿ ಒಂದೇ ಗುಟುಕು,
ಹಿಂದೆಯೇ ನಾಲಿಗೆಗೆ ಚಿಟಿಕೆ ಉಪ್ಪು.
ರುಚಿ ಹೇಗಿದೆ ತಾಂಡೇಲ, ಎಂದರೆ
ಡೀಸೆಲ್ಲಿಗೆ ಎಂಥ ರುಚಿ ಮಾರಾಯ, ಎನ್ನುತ್ತಾನೆ.
ಜೂನ್ ಜುಲೈ ಬೋಟು ಬಂದ್. ಆಗ ಮಾತ್ರ ಕೂರುತ್ತಾನೆ.
ಉದ್ರಿ ಪುಸ್ತಕದಲ್ಲಿ ಎರಡು ಪುಟ ಅವನಿಗೇ.
ಆಗ ಗ್ಲಾಸಿನ ಕಂಠದವರೆಗೆ ನೀರು,
ಸಂಜೆ ಬೇಗ ಮುಗಿಯದಿರಲಿ ಎಂದು.

ಬ್ಯಾಂಕಿನವರು ಬರುವುದು ಶನಿವಾರ.
ಸೋಡಾ, ಐಸು, ಮತ್ತೆ ಐಸು, ಮೇಲಿನಿಂದ ಕೋಲಾ.
ಒಳಗೆ ವಿಸ್ಕಿ ಇದೆಯೆಂದು ಬಿಲ್ಲು ನೋಡಿಯೇ ತಿಳಿಯಬೇಕು.
ನಗಬಾರದು. ಟಿಪ್ಸು ಕೊಡುವವರು ಅವರೇ.

ಎಸ್ಪರಾನ್ಸ ಬಾಯಿ ಬರುವುದು ಹಿಂದಿನ ಬಾಗಿಲಿಗೆ,
ಕೆಮ್ಮಿನ ಔಷಧದ ಖಾಲಿ ಶೀಶೆ ಸೆರಗಿನಲ್ಲಿ ಮುಚ್ಚಿ.
ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯ ನರ್ಸು.
ಬಿಸಿನೀರು, ಜೋನಿಬೆಲ್ಲ, ಎರಡು ಲವಂಗ,
ಮೇಲೆ ಗೆರೆ ನೋಡಿ ಅಳೆದ ವಿಸ್ಕಿ, ಚಮಚದಲ್ಲಿ.
"ಕುಡಿಯುವುದಿಲ್ಲ ನಾನು. ತಗೊಳ್ಳುತ್ತೇನೆ."

ಮಾಜಾಳಿ ಗೇಟಿನಲ್ಲಿ ನನ್ನ ಭಾವ ಹೋಮ್‌ಗಾರ್ಡು.
ಗೋವಾದಿಂದ ಸ್ಟೆಪ್ನಿಯೊಳಗೆ, ಅಕ್ಕಿಚೀಲದೊಳಗೆ,
ಒಮ್ಮೆ ಮದುವೆಯ ಬ್ಯಾಂಡಿನ ಡೋಲಿನೊಳಗೆ ಬಂದದ್ದನ್ನು
ಹಿಡಿದು, ಲೆಕ್ಕ ಬರೆದು,
ಸಾಹೇಬರ ಎದುರು ಗುಂಡಿಗೆ ಸುರಿದರಂತೆ.
ಮಣ್ಣು ಏನೂ ಬೆರೆಸದೆ ಕುಡಿಯಿತು ಎಂದ.
ಗುಂಡಿಯ ಅಂಚಿನಲ್ಲಿ ಒಂದೇ ಒಂದು ಏಡಿ
ಕೊಂಡಿ ಎತ್ತಿ ನಿಂತಿತ್ತಂತೆ,
ಸಾಕು ಎಂದೋ, ಇನ್ನೂ ಎಂದೋ.

ಆದರೆ ತಾಮ್ಸೆ ಸಾಹೇಬರು.
ಹಡಗಿನ ಇಂಜಿನ್ನು ನೋಡಿಕೊಂಡವರು, ಕಿವಿ ಮಂದ.
ಕಿಸೆಯಲ್ಲಿ ಕಣ್ಣಿನ ಔಷಧದ ಡ್ರಾಪರು.
ಮೊದಲು ಗ್ಲಾಸನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಕೂರುವರು,
ಕೋಳಿ ಕಾವಿಗೆ ಕೂತ ಹಾಗೆ.
ಆಮೇಲೆ ಮೂಗು, ಬಾಯಿ ಅರೆತೆರೆದು.
ಆಮೇಲೆ ನೀರು. ಎಣಿಸಿ ಒಂದೇ ಹನಿ.
"ಸೋಯ್ರು, ಈಗ ನೋಡು, ಅಳಿವೆ ಬಾಯಿ ಬಿಡುತ್ತದೆ."

ನೋಡಿದೆ. ಬಲ್ಬಿನ ಬೆಳಕಿನಲ್ಲಿ
ಎಣ್ಣೆಯಂಥ ಎಳೆಯೊಂದು ಮೆಲ್ಲಗೆ ಬಿಚ್ಚಿಕೊಂಡಿತು,
ಇಳಿತದ ಹೊತ್ತು ಕಾಳಿಯ ಸಿಹಿನೀರು
ಉಪ್ಪಿನೊಳಗೆ ದಾರಿ ಹುಡುಕುವ ಹಾಗೆ.
ಮೂಸು ಎಂದರು. ಮೂಸಿದೆ.
ಗೇರುಬೀಜ ಸುಟ್ಟ ಹೊಗೆ,
ಒಣಗಿಸಿಟ್ಟ ಮುರುಗಲ ಸಿಪ್ಪೆ,
ಬೈತಖೋಲದಲ್ಲಿ ಟಾರು ಬಳಿದು ಮಗುಚಿಟ್ಟ
ದೋಣಿಯ ಹೊಟ್ಟೆಯೊಳಗಿನ ಕತ್ತಲೆ.
ಅಷ್ಟು ವರ್ಷ ಸುರಿದಿದ್ದೆ. ಮೂಸಿದ್ದು ಅದೇ ಮೊದಲು.

ಒಂದು ಹನಿಗೆ ಇಷ್ಟು. ಜಗ್ಗು ತುಂಬ ನಾನು
ಏನೇನು ಮುಳುಗಿಸಿದೆನೋ.

ಕಳೆದ ಗುರುವಾರ ಅವರ ಕೈ ನಡುಗುತ್ತಿತ್ತು.
ಡ್ರಾಪರು ಗ್ಲಾಸಿನ ಅಂಚಿಗೆ ತಾಗಿ ಟಿಕ್ ಟಿಕ್ ಎಂದಿತು.
ನಾನು ಹಾಕಲೇ ಎನ್ನುವ ಬದಲು
ಬಾಯಿಗೆ ಬಂದದ್ದು ಹಳೇ ಪ್ರಶ್ನೆಯೇ.
ಅಷ್ಟರಲ್ಲಿ ಬಿತ್ತು: ಒಂದು, ಎರಡು,
ಮೂರು, ಉಳಿದದ್ದೆಲ್ಲ.

ಗ್ಲಾಸನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.
"ಇವತ್ತು ಭರತಿ" ಎಂದು ಕುಡಿದರು.

ತಿಸರೆ ಸುಕ್ಕದ ಪ್ಲೇಟು ತಣ್ಣಗಾಗಿತ್ತು.
ಬಿಸಿ ಮಾಡಿ ತರಲೇ ಎಂದೆ.
ಅವರಿಗೆ ಕೇಳಿಸಲಿಲ್ಲ.