ಎಷ್ಟು ಓರೆ

ಸೂಸೈರಾಜ್ ಮೇಸ್ತ್ರಿ ಬಂದಾಗ
ದೋಣಿ ಇನ್ನೂ ದಡದಲ್ಲೇ,
ಮೋಟಾರು ಕಾಲೆತ್ತಿಕೊಂಡು,
ಗೋಣಿಚೀಲದ ಮೇಲೆ ಎರಡು ಪ್ರೊಪೆಲರು
ಹರಾಜಿಗಿಟ್ಟ ಹಾಗೆ.

ಬೇತಮಂಗಲದ ಕೆರೆ ತುಂಬಿ ಎರಡನೇ ವರ್ಷ,
ಸಂಘಕ್ಕೆ ಹದಿನೈದು ಎಚ್‌ಪಿ ಮೋಟಾರು ಬಂದು ಎರಡನೇ ವಾರ.
ಹುಟ್ಟು ಹಾಕಿ ಹಾಕಿ ದಪ್ಪಗಾದ ನನ್ನ ಅಂಗೈ
ತೊಡೆಯ ಮೇಲೆ ಸುಮ್ಮನೆ ಕೂತಿತ್ತು,
ಕೆಲಸವಿಲ್ಲದ ನೆಂಟ.

ಹನ್ನೆರಡರದ್ದು ಸೊಣ್ಣಪ್ಪ ಚೆನ್ನೈಯಿಂದ ತಂದದ್ದು.
ಸ್ಟೀಲು. ಮುಖ ನೋಡಿಕೊಂಡು ಬೈತಲೆ ತೆಗೆಯಬಹುದು.
ಒಂದು ಸುತ್ತಿಗೆ ಹನ್ನೆರಡು ಇಂಚು ಮುಂದೆ, ಅಂದ,
ಒಂಬತ್ತರದ್ದು ಒಂಬತ್ತೇ. ಕೇಳೋದೇನಿದೆ ಇದರಲ್ಲಿ?
ಲೆಕ್ಕ ಸರಿ ಇತ್ತು.
ಖಾಲಿ ದೋಣಿಯಲ್ಲಿ ಒಬ್ಬನೇ ಹೋಗಿ ಬಂದ,
ಕೊಕ್ಕರೆಗಳು ಎದ್ದುಹೋದವು,
ಏರಿಯ ಮೇಲಿನ ಹುಡುಗರು ಶಿಳ್ಳೆ ಹೊಡೆದರು.

ಆಮೇಲೆ ಐದು ಜನ ಹತ್ತಿದೆವು.
ಒದ್ದೆ ಬಲೆ, ಮೂರು ಐಸ್ ಪೆಟ್ಟಿಗೆ,
ಮತ್ತೆ ಪಾಪಕ್ಕ
(ನಾನೊಬ್ಬಳೇ ಎರಡು ಪೆಟ್ಟಿಗೆ ಕಣೋ, ಅವಳೇ ಅನ್ನುವ ಮಾತು).
ಮೋಟಾರು ತಿಣುಕಿತು,
ಘಾಟಿಯಲ್ಲಿ ಟಾಪ್ ಗೇರು ಬಿಡದ ಲಾರಿಯಂತೆ.
ಮೂತಿ ಎದ್ದಿತು, ಹಿಂಭಾಗ ಕುಸಿಯಿತು,
ಹೊಗೆ ಬಂತು.
ಎದುರು ದಡ ಇದ್ದಲ್ಲೇ ಇತ್ತು.

ಮೇಸ್ತ್ರಿ ಏನೂ ಅನ್ನಲಿಲ್ಲ.
ಕೆಜಿಎಫ್ ಗಣಿಯ ಫ್ಯಾನ್ ಮನೆಯಲ್ಲಿ
ಇಪ್ಪತ್ತಾರು ವರ್ಷ ಫಿಟ್ಟರು ಆತ.
ಸಮುದ್ರ ಕಂಡದ್ದು ಒಮ್ಮೆ, ವೇಲಾಂಗಣ್ಣಿಯಲ್ಲಿ, ಪ್ಯಾಂಟು ಮಡಚಿ.
ದೋಣಿ ಹತ್ತಿದವನೇ ಅಲ್ಲ.
ಆದರೆ ರೆಕ್ಕೆಯ ಬುಡಕ್ಕೆ ಹೆಬ್ಬೆರಳಿಟ್ಟು
ತುದಿಯವರೆಗೆ ಎಳೆದುಕೊಂಡು ಹೋದ ರೀತಿ,
ಮಗ್ಗದವನು ಸೆರಗಿನಲ್ಲಿ ತಪ್ಪಿದ ಎಳೆ ಹುಡುಕುವ ಹಾಗೆ.

ಗಾಳಿಗೂ ತೂಕ ಇರ್ತದೆ, ಅಂದ ಕೊನೆಗೆ.
ಎಷ್ಟು ಆಳಕ್ಕೆ ಕಳಿಸಬೇಕು,
ಕೆಳಗೆ ಎಷ್ಟು ಜನ ಕಾಯ್ತಿದಾರೆ,
ಅದು ನೋಡಿ ರೆಕ್ಕೆ ಓರೆ ಮಾಡ್ತಿದ್ವಿ.
ಓರೆ ಜಾಸ್ತಿ ಆದ್ರೆ ಮೋಟಾರು ಕಾಯ್ತದೆ.
ಕಮ್ಮಿ ಆದ್ರೆ ಬರೀ ಸದ್ದು.

ಆಮೇಲೆ ಪಾಪಕ್ಕನ ಕಡೆ ತಿರುಗಿ:
ಬರೋವಾಗ ಎಷ್ಟು ಕೇಜಿ?
ನೀರಿನಡಿ ಏನೇನಿದೆ?

ಏನಿಲ್ಲ ನೀರಿನಡಿ!
ಬತ್ತಿದ್ದ ವರ್ಷಗಳಲ್ಲಿ ಬೆಳೆದ ಜಾಲಿ,
ಕಡಿಯುವ ಮೊದಲೇ ನೀರು ಬಂದುಬಿಟ್ಟಿತು.
ದಡದ ಹತ್ತಿರ, ಒಂದಾಳು ಆಳದಲ್ಲಿ,
ನಾವು ಕ್ರಿಕೆಟ್ ಆಡಿದ ಜಾಗ,
ಸ್ಟಂಪಿಗೆಂದು ನೆಟ್ಟ ಮೂರು ಕಲ್ಲುಕೂಚ.
ಪಿಚ್ ಅಂದರೆ ಅಲ್ಲಿವರೆಗೆ
ನಮಗೆ ಗೊತ್ತಿದ್ದದ್ದು ಅದೊಂದೇ.

ಹಂಗಾದ್ರೆ ಇದು, ಅಂದು
ಒಂಬತ್ತರದ್ದು ಎತ್ತಿಕೊಂಡ, ಅಲ್ಯೂಮಿನಿಯಂ, ಮಂಕು ಬಣ್ಣ.
ಸ್ಟೀಲು ಮುರಿಯಲ್ಲ ಸೊಣ್ಣಪ್ಪ, ಅದೇ ತೊಂದ್ರೆ.
ಜಾಲಿ ಬುಡಕ್ಕೆ ಬಡಿದ್ರೆ
ಏಟು ನೆಟ್ಟಗೆ ಒಳಗೆ ಹೋಗ್ತದೆ, ಗೇರಿಗೆ.
ಮೊದಲು ಮುರಿಯೋದು ಅಗ್ಗದ್ದಾಗಿರಲಿ.

ಅಷ್ಟು ಹೇಳಿ ಯಾಕೋ
ನೀರಿನ ಕಡೆ ಮುಖ ಮಾಡಿ ನಿಂತ.
ಗಣಿಯಲ್ಲಿ ಮೊದಲು ಮುರಿಯುತ್ತಿದ್ದದ್ದು ಏನು ಎಂದು
ನಾವು ಯಾರೂ ಕೇಳಲಿಲ್ಲ.

ಗ್ರೀಸು, ವಾಷರು, ನಟ್ಟು.
ಸ್ಪ್ಲಿಟ್ ಪಿನ್ನಿನ ಕಿವಿ ಮಡಚಿದ ಮೇಲೆ
ಅದೇ ಐದು ಜನ, ಅದೇ ಪೆಟ್ಟಿಗೆ, ಅದೇ ಪಾಪಕ್ಕ.
ಮುಳ್ಳು ಐದು ಸಾವಿರ ದಾಟಿ ನಿಂತಿತು.
ಹಿಂಭಾಗ ಎದ್ದು ದೋಣಿ ಮಟ್ಟವಾಯಿತು,
ಊಟದೆಲೆ ಹಾಸಿದಷ್ಟು ಮಟ್ಟ.

ಖಾಲಿ ಹೋಗೋವಾಗ ಕಿರುಚ್ತದೆ ಇದು, ಸೊಣ್ಣಪ್ಪ ಬಿಡಲಿಲ್ಲ.
ಕಿರುಚೋ ಮೊದಲೇ ಕೈ ಸಡಿಲಿಸು, ಅಂದ ಮೇಸ್ತ್ರಿ,
ಮೆಲ್ಲಗೆ ಹೋಗು. ಮೀನೇನು ಟೈಮ್ ಕೊಟ್ಟಿದೆಯಾ?

ಸ್ಟೀಲಿನದು ಈಗ ಸಂಘದ ಮೇಜಿನ ಮೇಲೆ,
ಫ್ಯಾನು ಹಾಕಿದಾಗ
ರಸೀದಿ ಹಾರದಂತೆ ಕೂತಿದೆ.
ಸಂಜೆ ತುಂಬಿದ ದೋಣಿ ತರುವಾಗ
ನಮ್ಮ ಹಳೆಯ ಪಿಚ್ಚಿನ ಮೇಲೆ ಬಂದೊಡನೆ
ನಾನು ವೇಗ ಇಳಿಸಿ ಮೋಟಾರನ್ನು ಕೊಂಚ ಎತ್ತುತ್ತೇನೆ,
ಮಿಡ್ಲ್ ಸ್ಟಂಪು ತಾಕದಿರಲೆಂದು.