ಕಾರಣ: ಆನೆ

ಮಾಲ್ದಾರೆ ರಸ್ತೆಯ ನಮ್ಮ ತೋಟದಾಫೀಸಿಗೆ
ಪೆಟ್ಟಿಗೆಯೊಳಗಿಂದ ಒಬ್ಬ ಹೊಸ ರೈಟರು ಬಂದ.
ಹಳೆಯ ರೈಟರು ನಾನು. ಇಪ್ಪತ್ತೆರಡು ವರ್ಷ
ಚೆಕ್‌ರೋಲಿನ ಗೆರೆಯಾಚೆಗೂ ಬರೆದವನು,
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ನನಗಷ್ಟೇ ತಿಳಿಯುವ ಹಾಗೆ.

ಹೊಸಬನಿಗೆ ಅಂಚೇ ಇರಲಿಲ್ಲ.

ಕುಳ್ಳಿ ಅಂತ ಟೈಪು ಮಾಡಿದೆ.
ಪಕ್ಕದ ಚೌಕದಲ್ಲಿ ಒಂದು ಕೆಂಪು ನಕ್ಷತ್ರ:
ಕೊನೆಯ ಹೆಸರು ಕಡ್ಡಾಯ.
ನಿನ್ನ ಕೊನೆಯ ಹೆಸರೇನೇ ಕುಳ್ಳಿ?
ಮೊದಲಿಂದ ಕೊನೇವರೆಗೂ ಕುಳ್ಳಿಯೇ, ಅಂದಳು.
ಒಂದು ಚುಕ್ಕೆ ಇಟ್ಟು ಮುಂದೆ ಹೋದೆ.
ಸಂಬಳದ ಚೀಟಿಯಲ್ಲಿ ಜನವರಿಯಿಡೀ
ಅವಳು ಕುಳ್ಳಿ ಚುಕ್ಕೆ.

ಮುತ್ತಿ, ಚುಂಡೆ ಅಕ್ಕತಂಗಿ; ಇಬ್ಬರಿಗೂ ಒಂದೇ ಚೀಲ.
ಎತ್ತರದ ರೆಕ್ಕೆ ಬಾಗಿಸಿ ಹಿಡಿಯುವವಳು ಒಬ್ಬಳು,
ಹಣ್ಣು ಸೆಳೆಯುವವಳು ಇನ್ನೊಬ್ಬಳು.
ತೂಕ ತೊಂಬತ್ತೆಂಟು. ಯಾರದು? ಕೇಳಿತು ಪರದೆ.
ಇಬ್ಬರದೂ ಅನ್ನುವ ಉತ್ತರ ಅದರ ಪಟ್ಟಿಯಲ್ಲಿರಲಿಲ್ಲ.

ಆಮೇಲೆ ಆನೆ ಬಂತು.
ಎಂಟನೇ ಬ್ಲಾಕಿನ ಕೆರೆಯಲ್ಲಿ ಐದು, ಜೊತೆಗೊಂದು ಮರಿ.
ಅರಣ್ಯದವರು ಪಟಾಕಿ ಹೊತ್ತು ಜೀಪಿನಲ್ಲಿ ಬರುವವರೆಗೆ
ಮೂವತ್ತೊಂದು ಜನ ಲೈನ್‌ಮನೆಯ ಜಗುಲಿಯಲ್ಲಿ ಕೂತರು.
ಸಂಜೆ ಪರದೆ ಹೇಳಿತು: ಗೈರು, ಗೈರು, ಗೈರು,
ಮೂವತ್ತೊಂದು ಸಲ, ಒಂದೇ ದಪ್ಪದ ಅಕ್ಷರದಲ್ಲಿ,
ಒಂದಿಷ್ಟೂ ಕೋಪವಿಲ್ಲದೆ.

ರಝೀನಾ ಕುಶಾಲನಗರದಿಂದ ಸ್ಕೂಟರಿನಲ್ಲಿ ಬಂದಳು,
ಕಂಪನಿ ಕಳಿಸಿದ ಹುಡುಗಿ. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು
ಹಳೆಯ ಚೆಕ್‌ರೋಲು ತೆರೆದು, ಲೆಕ್ಕವನ್ನೆಲ್ಲ ದಾಟಿ,
"ಅಂಚಿನಲ್ಲಿ ಇದೇನು ಬರೆದಿದ್ದೀರಿ?"
ನನ್ನ ಪೆನ್ಸಿಲನ್ನು ಅದುವರೆಗೆ ಯಾರೂ ಓದಿರಲಿಲ್ಲ.
ಆ ಅಂದರೆ ಆನೆ. ಜೊ, ಜೊತೆ ಕೊಯ್ಲು.
ಬಾ, ಬಾಣಂತಿ, ಹಗುರದ ಕೆಲಸ ಕೊಡಬೇಕು.
ಈ ಸುರುಳಿ? ಸ್ವಲ್ಪ ತಡೆದು ಹೇಳಿದೆ:
ಗಂಡ ಕುಡಿಯುತ್ತಾನೆ, ಸಂಬಳ ಅವಳ ಕೈಗೇ.
"ಇದನ್ನೂ ಒಳಗೆ ಹಾಕಲಾ?"
ಬೇಡ. ಅದು ನನ್ನ ತಲೆಯಲ್ಲಿರಲಿ.

ಮಧ್ಯಾಹ್ನದೊಳಗೆ ಕೆಂಪು ನಕ್ಷತ್ರ ಆರಿತು.
ಒಂದು ಚೀಲದಲ್ಲಿ ಎರಡು ಹೆಸರು ಹಿಡಿಸಿದವು.
ಕಾರಣಗಳ ಪಟ್ಟಿಯಲ್ಲಿ,
ಅನಾರೋಗ್ಯಕ್ಕೂ ಸ್ವಂತ ಕೆಲಸಕ್ಕೂ ನಡುವಿನ ಸಣ್ಣ ಸಂದಿಯಲ್ಲಿ
ಕಿವಿ ಮಡಚಿಕೊಂಡು ಬಂದು ನಿಂತಿತು: ಆನೆ.
ಪೂರ್ತಿ ಸಂಬಳವೋ, ಅರ್ಧವೋ? ಕೇಳಿದಳು.
ಸಾವ್ಕಾರರು ಕಿಟಕಿಯಾಚೆ ನೋಡಿ
ಅರ್ಧ ಅಂದರು.

ಬಾಗುತ್ತದೆ ಎಂದು ಗೊತ್ತಾದ ಮೇಲೆ ಅವರಿಗೂ ಒಂದು ಆಸೆ:
"ಚಾ ಕುಡಿಯೋಕೆ ಎಷ್ಟು ನಿಮಿಷ ಕೂತರು,
ಅದಕ್ಕೊಂದು ಕಾಲಂ ಹಾಕಮ್ಮ."
ರಝೀನಾ ನನ್ನ ಕಡೆ ನೋಡಿದಳು.
ಹಾಕಿದಳು. ಕಷ್ಟವೇ ಆಗಲಿಲ್ಲ.
ಆನೆಯನ್ನು ತಂದದ್ದೂ ಅದೇ ಬೆರಳು.
ಹೊರಡುವಾಗ, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ,
ಕಾಲಂ ಅಡಗಿಸುವುದು ಹೇಗೆಂದು
ನಾನು ಕೇಳದೆಯೇ ತೋರಿಸಿಕೊಟ್ಟಳು.

ಇವತ್ತು ಬೆಳಿಗ್ಗೆ ಏಳಕ್ಕೆ ಚುಂಡೆ ಓಡಿ ಬಂದಳು.
ಮಾತಿಗೆ ಉಸಿರಿಲ್ಲ, ತೋಳನ್ನೇ ಎತ್ತಿ ಸೊಂಡಿಲು ಮಾಡಿದಳು.
ಒತ್ತಿದೆ. ಮೂವತ್ತೊಂದು ಹೆಸರಿನ ಮುಂದೆ
ಆನೆ, ಆನೆ, ಆನೆ.
ಕುಳ್ಳಿಯ ಪಕ್ಕ ಚುಕ್ಕೆಯಿಲ್ಲ.
ಕೆಳಗೊಂದು ಹೊಸ ಚೌಕ, ಆ ಹುಡುಗಿಯದೇ ಕಿತಾಪತಿ:
ಎಷ್ಟು ಆನೆ? (ಕಡ್ಡಾಯವಲ್ಲ)
ಐದು, ಅಂತ ಬರೆದೆ.
ಆಮೇಲೆ ಅಳಿಸಿ, ಮರಿಯನ್ನೂ ಸೇರಿಸಿ,
ಆರು.